ತಾಳ ಕೈಗೆ ಬಂತು

ಶನಿವಾರದ ಅಂಜನಾದ್ರಿ, ಹನುಮ ಹುಟ್ಟಿದನೆಂದು ನಂಬುವ ಬೆಟ್ಟ. 575 ಮೆಟ್ಟಿಲು ಎನ್ನುತ್ತಾರೆ. ಇನ್ನೂರರ ಹೊತ್ತಿಗೆ ನಾನು ಎಣಿಕೆ ಬಿಟ್ಟೆ, ಮುಂದಿನದನ್ನು ಮೊಣಕಾಲೇ ಎಣಿಸಿತು.

ಜೊತೆಗೆ ಒಬ್ಬ ಅಜ್ಜಿ ಹತ್ತುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಕಲ್ಲಿಗೆ ಉಜ್ಜಿ ಉಜ್ಜಿ ಬೆರಳ ತುದಿಯಲ್ಲಿ ಕುಂಕುಮ ಯಾವುದು, ಚರ್ಮ ಯಾವುದು ತಿಳಿಯುತ್ತಿರಲಿಲ್ಲ. ನಾನು ಸುಧಾರಿಸಿಕೊಳ್ಳಲು ಕುಳಿತಾಗಲೆಲ್ಲ ಅವರು ನನ್ನನ್ನು ದಾಟಿ ಹೋಗುತ್ತಿದ್ದರು.

ಮೇಲೆ ಭಜನೆ ನಡೆದಿತ್ತು. ಮೂಲೆ ಹಿಡಿದು ಕುಳಿತೆ. ಅಜ್ಜಿ ಪಕ್ಕಕ್ಕೆ ಬಂದವರೇ ತಾಳದ ಜೋಡಿಯನ್ನು ನನ್ನ ಕೈಗೆ ತುರುಕಿದರು.

"ನೀನೂ ಹಾಡು ತಮ್ಮಾ."

"ನನಗೆ ಬರುವುದಿಲ್ಲ ಅಜ್ಜಿ" ಎಂದೆ. ಸುಳ್ಳು. ಶಾಲೆಯಲ್ಲಿ ದಿನವೂ ಪ್ರಾರ್ಥನೆ ಹಾಡುತ್ತಿದ್ದವನು ನಾನೇ. ದನಿ ಒಡೆದ ವರ್ಷ ಯಾರೋ ನಕ್ಕರು, ಅಂದು ಮುಚ್ಚಿದ ಬಾಯಿ.

ಅಜ್ಜಿ ಗರ್ಭಗುಡಿಯತ್ತ ಕೈ ತೋರಿಸಿದರು. "ಅವನಿಗೂ ತನ್ನ ಬಲ ಮರೆತುಹೋಗಿತ್ತು. ಜಾಂಬವಂತ ನೆನಪಿಸಬೇಕಾಯಿತು."

ಕಡಲು ಹಾರಿದವನ ಪಕ್ಕದಲ್ಲಿ ನನ್ನ ಒಡಕು ಗಂಟಲನ್ನು ಇಟ್ಟಿದ್ದು ಸ್ವಲ್ಪ ಅತಿಯೇ ಆಯಿತು. ಆದರೆ ವಾದಿಸಲು ಉಸಿರು ಬೇಕಲ್ಲ!

ಇಷ್ಟು ವರ್ಷ ದೇವರ ಮುಂದೆ ನಿಂತು ಬೇಡಿದ್ದೆಲ್ಲ ಹೊಸದನ್ನೇ. ಆಗಲೇ ಕೊಟ್ಟಿದ್ದನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ವಿನಯ ಎಂದು ನಾನು ಹೇಳಿಕೊಂಡು ಬಂದದ್ದು ಬಹುಶಃ ಬರೀ ಅಂಜಿಕೆ.

ಎರಡನೆಯ ಸಾಲಿಗೆ ದನಿ ಸೇರಿಸಿದೆ. ಶ್ರುತಿ ತಪ್ಪಿತು. ಯಾರೂ ತಿರುಗಿ ನೋಡಲಿಲ್ಲ. ಕೆಳಗೆ ಬಂಡೆಗಳ ನಡುವೆ ತುಂಗಭದ್ರೆ ತನ್ನ ಪಾಡಿಗೆ ಹರಿಯುತ್ತಿತ್ತು.

ಇಳಿಯುವಾಗ ನೋಡಿದೆ, ತಾಳದ ದಾರದಿಂದ ನನ್ನ ಬೆರಳಿಗೂ ಕುಂಕುಮ ಅಂಟಿತ್ತು.