ಮೂರು ಆಂಪ್‌ಗೆ ಹೊಂದುವ ಕ್ಯಾಬ್: ಆರು ತಿಂಗಳ ಟಿಪ್ಪಣಿ

ಮಾರ್ಚ್, ಎರಡನೇ ವಾರ

ಮನೆಯಲ್ಲಿ ಈಗ ಮೂರು ಗಿಟಾರ್ ಆಂಪ್ (ಆಂಪ್ಲಿಫೈಯರ್) ಇವೆ. ಮೊದಲನೆಯದು ಫೆಂಡರ್ ಬ್ಲೂಸ್ ಜೂನಿಯರ್. ಇದು ಕಾಂಬೋ, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಡಬ್ಬದಲ್ಲಿ. 15 ವ್ಯಾಟ್, ಇಎಲ್84 ವಾಲ್ವ್ (ಸದ್ದನ್ನು ದೊಡ್ಡದು ಮಾಡುವ ಗಾಜಿನ ಕೊಳವೆ). ಎರಡನೆಯದು ಮಾರ್ಷಲ್ ಡಿಎಸ್‌ಎಲ್20 ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್), 20 ವ್ಯಾಟ್, ಇಎಲ್34 ವಾಲ್ವ್. ಮೂರನೆಯದು ಆರೆಂಜ್ ಮೈಕ್ರೋ ಟೆರರ್. ಇದೂ 20 ವ್ಯಾಟೇ, ಆದರೆ ಊಟದ ಡಬ್ಬಿಯಷ್ಟೇ ಗಾತ್ರ. ಮುಂದಿನ ಹಂತದಲ್ಲಿ ಒಂದು ವಾಲ್ವ್ ಇದೆ, ಪವರ್ ಕೊಡುವ ಭಾಗ ಪೂರ್ತಿ ಟ್ರಾನ್ಸಿಸ್ಟರ್‌ನದು.

ಕೊನೆಯ ಎರಡಕ್ಕೂ ಕ್ಯಾಬ್, ಅಂದರೆ ಸ್ಪೀಕರ್ ಕೂರಿಸಿದ ಡಬ್ಬ, ಇಲ್ಲ. ಇಷ್ಟು ದಿನ ಗೆಳೆಯನ ಮನೆಗೆ ಹೊತ್ತುಕೊಂಡು ಹೋಗಿ ಅವನ ಕ್ಯಾಬ್‌ನಲ್ಲಿ ಬಾರಿಸುತ್ತಿದ್ದೆ. ಇನ್ನು ನನ್ನದೇ ಒಂದು ಮಾಡಿಕೊಳ್ಳಬೇಕು.

ಆಂಪ್‌ಗೆ ಸಾವಿರಾರು ರೂಪಾಯಿ ಸುರಿದು, ಕ್ಯಾಬ್ ಯಾವುದಾದರೂ ನಡೆಯುತ್ತೆ ಅನ್ನುವವರನ್ನು ತುಂಬ ನೋಡಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಮಾರ್ಷಲ್ ಕಂಪನಿಯ ಹುಟ್ಟೇ ಇದಕ್ಕೆ ಉತ್ತರ. 1960ರ ದಶಕದ ಶುರುವಿನಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿದ್ದ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಜೆಟಿಎಂ45 ಅನ್ನೋ ಆಂಪ್ ತಯಾರಾಯಿತು. ಅದರ ಸರ್ಕ್ಯೂಟ್ ಹೆಚ್ಚುಕಮ್ಮಿ ಫೆಂಡರ್ ಕಂಪನಿಯ ಬ್ಯಾಸ್‌ಮನ್ ಆಂಪ್‌ನದೇ. ಬ್ಯಾಸ್‌ಮನ್‌ನಲ್ಲಿ ಹತ್ತಿಂಚಿನ ನಾಲ್ಕು ಸ್ಪೀಕರ್, ಹಿಂಭಾಗ ತೆರೆದಿತ್ತು. ಮಾರ್ಷಲ್ ಅವರು ಹನ್ನೆರಡು ಇಂಚಿನ ನಾಲ್ಕು ಸೆಲೆಶನ್ ಸ್ಪೀಕರ್‌ಗಳನ್ನು ಹಿಂಭಾಗ ಮುಚ್ಚಿದ ಡಬ್ಬದಲ್ಲಿ ಕೂರಿಸಿದರು. ವಾಲ್ವ್ ಮತ್ತು ಕೆಲವು ಬಿಡಿಭಾಗಗಳೂ ಬದಲಾಗಿದ್ದವು, ನಿಜ. ಆದರೂ ಎರಡರ ದನಿ ಅಷ್ಟು ಬೇರೆಯಾಗಲು ಆ ಡಬ್ಬದ ಪಾಲು ಬಹಳ ದೊಡ್ಡದು.

ನನ್ನ ಯೋಜನೆ ಸರಳ. ಹನ್ನೆರಡು ಇಂಚಿನ ಒಂದೇ ಸ್ಪೀಕರ್, 8 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಹಿಂದಿನ ಹಲಗೆ ಬಿಚ್ಚಿ ಹಾಕುವಂತಿರಬೇಕು. ಸ್ಪೀಕರ್ ಆರ್ಡರ್ ಮಾಡಿ ಆಯಿತು: ಸೆಲೆಶನ್ ಕಂಪನಿಯ ಸೆಕೆಂಡ್ ಹ್ಯಾಂಡ್ ಗ್ರೀನ್‌ಬ್ಯಾಕ್, 25 ವ್ಯಾಟ್.

ಏಪ್ರಿಲ್, ಮೊದಲ ಭಾನುವಾರ

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ 18 ಎಂಎಂ ಪ್ಲೈವುಡ್ ತಂದೆ. ಜೊತೆಗೆ ನಮ್ಮ ಬೀದಿಯ ಆಚಾರ್ರನ್ನು ಕರೆದುಕೊಂಡು ಹೋಗಿದ್ದು ಒಳ್ಳೆಯದೇ ಆಯಿತು. ಅಂಗಡಿಯಲ್ಲಿ ಹಾಳೆ ನಿಲ್ಲಿಸಿ, ಬೆರಳ ಗೆಣ್ಣಿನಿಂದ ಗೇಣುಗೇಣಿಗೆ ತಟ್ಟುತ್ತಾ ಹೋದರು. ಒಂದು ಕಡೆ ಟಕ್ ಟಕ್ ಅಂತಿದ್ದದ್ದು ಡಬ್ ಅಂತು. "ಕೇಳಿ ಸಾರ್, ಒಳಗೆ ಪೊಳ್ಳು. ಇದು ಬೇಡ" ಅಂದರು. ಅಲಮಾರಿಗೆ ಆ ಪೊಳ್ಳು ಅಷ್ಟೇನೂ ತೊಂದರೆ ಕೊಡಲ್ಲ. ಸ್ಪೀಕರ್ ಡಬ್ಬಕ್ಕೆ ಅದೇ ಕಂಟಕ. ಪದರಗಳ ನಡುವೆ ಸಂದು ಇದ್ದರೆ ಬಾಸ್ ತಂತಿ ಮೀಟಿದಾಗೆಲ್ಲ ಹಲಗೆ ಗುಂಯ್‌ಗುಟ್ಟುತ್ತೆ. ಮೂರನೇ ಹಾಳೆ ಪಾಸಾಯಿತು.

ಅಳತೆ: ಅಗಲ 20 ಇಂಚು, ಎತ್ತರ 18, ಆಳ 11. ಒಳಗೆ ಸುಮಾರು 45 ಲೀಟರ್ ಗಾಳಿ ಹಿಡಿಯುತ್ತೆ. ಎಂಟಡಿ–ನಾಲ್ಕಡಿ ಹಾಳೆಯಲ್ಲಿ ಅರ್ಧಕ್ಕಿಂತ ಕಮ್ಮಿ ಸಾಕಾಯಿತು, ಉಳಿದದ್ದನ್ನು ಮಂಚದ ಕೆಳಗೆ ತಳ್ಳಿದ್ದೇನೆ.

ಮೂಲೆಗಳಿಗೆ ಫೆವಿಕಾಲ್ ಹಾಕಿ, ಸ್ಕ್ರೂ ಹೊಡೆದು, ಒಳಗಡೆ ಒಂದಿಂಚಿನ ರೀಪು ಕೂರಿಸಿದೆವು. ಮುಂದಿನ ಹಲಗೆಯಲ್ಲಿ ಸ್ಪೀಕರ್‌ಗೆ ಸುಮಾರು 11 ಇಂಚಿನ ತೂತು. ಹನ್ನೆರಡು ಇಂಚು ಅನ್ನೋದು ಸ್ಪೀಕರ್‌ನ ಹೊರ ಚೌಕಟ್ಟಿನ ಅಳತೆ. ಅಷ್ಟೇ ದೊಡ್ಡ ತೂತು ಮಾಡಿದರೆ ಬೋಲ್ಟ್ ಹಾಕಲು ಮರವೇ ಇರಲ್ಲ. ಮೊದಲ ಸಲ ಮಾಡುವವರು ದಯವಿಟ್ಟು ಗಮನಿಸಿ.

ಏಪ್ರಿಲ್, ಮೂರನೇ ವಾರ

ಸ್ಪೀಕರ್ ಬಂತು. ಮಾರಿದವರು 8 ಓಮ್ ಅಂದಿದ್ದರು. ಹಿಂದಿನ ಲೇಬಲ್‌ನಲ್ಲಿ ಆ ಅಂಕಿ ಇದ್ದ ಜಾಗವೇ ಉಜ್ಜಿಹೋಗಿತ್ತು. ಯಾಕೋ ಅನುಮಾನ ಬಂದು ಮಲ್ಟಿಮೀಟರ್ ಹಿಡಿದೆ. 13ರ ಹತ್ತಿರ ತೋರಿಸಿತು.

8 ಓಮ್ ಸ್ಪೀಕರ್ ಮೀಟರ್‌ನಲ್ಲಿ 8 ತೋರಿಸಲ್ಲ, 6ರಿಂದ 7 ತೋರಿಸುತ್ತೆ. ಮೀಟರ್ ಅಳೆಯುವುದು ಕಾಯಿಲ್‌ನ ತಂತಿಯ ರೆಸಿಸ್ಟೆನ್ಸ್ ಮಾತ್ರ. ಸ್ವರ ಹರಿಯುವಾಗ ಇರುವ ಇಂಪೀಡೆನ್ಸ್ ಅದಕ್ಕಿಂತ ಜಾಸ್ತಿ. 13 ಬಂತು ಅಂದರೆ ಇದು 16 ಓಮ್ ಸ್ಪೀಕರ್. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ತುಂಬ ಬೇಜಾರಾಯಿತು.

ಈ ಓಮ್ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ವಾಲ್ವ್ ಆಂಪ್‌ನಲ್ಲಿ ಸ್ಪೀಕರ್‌ಗೂ ವಾಲ್ವ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತೆ. ಆ ಕಡೆ ಎಷ್ಟು ಓಮ್ ಇದೆ ಅನ್ನೋದರ ಮೇಲೆ ವಾಲ್ವ್ ಮೇಲಿನ ಭಾರ ನಿರ್ಧಾರವಾಗುತ್ತೆ. ಆದ್ದರಿಂದ 8 ಅಂತ ಬರೆದ ಸಾಕೆಟ್‌ಗೆ 8, 16ಕ್ಕೆ 16. ಸ್ಪೀಕರ್ ಚುಚ್ಚದೇ ವಾಲ್ವ್ ಆಂಪ್ ಬಾರಿಸುವುದು ಅತಿ ಅಪಾಯ. ಶಕ್ತಿ ಹೋಗಲು ದಾರಿ ಇಲ್ಲದೆ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಸಿಕ್ಕಾಪಟ್ಟೆ ಏರಿ ಸುತ್ತಿನ ಇನ್ಸುಲೇಶನ್ನೇ ಸುಟ್ಟುಹೋಗಬಹುದು.

ಟ್ರಾನ್ಸಿಸ್ಟರ್ ಆಂಪ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಮೈಕ್ರೋ ಟೆರರ್‌ಗೆ 8 ಓಮ್‌ಗಿಂತ ಕೆಳಗೆ ಇಳಿಯಬಾರದು, ಮೇಲೆ ಹೋದರೆ ಪರವಾಗಿಲ್ಲ. 16 ಓಮ್ ಹಾಕಿದರೆ ಪವರ್ ಸುಮಾರು ಅರ್ಧಕ್ಕೆ ಇಳಿಯುತ್ತೆ, ಅಷ್ಟೇ.

ಡಿಎಸ್‌ಎಲ್20ರ ಹಿಂದೆ 16ರ ಸಾಕೆಟ್ ಇದೆ. 10 ವ್ಯಾಟ್‌ಗೆ ಇಳಿಸಿ, ಸಣ್ಣ ದನಿಯಲ್ಲಿ ಗ್ರೀನ್‌ಬ್ಯಾಕ್ ಕೇಳಿದೆ. ಎಷ್ಟು ಚೆನ್ನಾಗಿತ್ತು ಅಂದರೆ ಬೇಜಾರೆಲ್ಲ ಇಳಿದುಹೋಯಿತು. ಆದರೆ 20 ವ್ಯಾಟ್ ಆಂಪ್ ದನಿ ಒಡೆಯುವಷ್ಟು ಏರಿಸಿ ಬಾರಿಸುವಾಗ 20ಕ್ಕಿಂತ ಜಾಸ್ತಿಯೇ ಕೊಡುತ್ತೆ. 25 ವ್ಯಾಟಿನ ಒಂಟಿ ಸ್ಪೀಕರನ್ನು ಅಲ್ಲಿ ಇಡಲು ಧೈರ್ಯ ಬರಲಿಲ್ಲ. ಬಟ್ಟೆ ಸುತ್ತಿ ಎತ್ತಿಟ್ಟೆ.

ಮೇ, ಕೊನೆಯ ವಾರ

ಹೊಸದೇ ಕೊಂಡೆ. ಸೆಲೆಶನ್ ವಿಂಟೇಜ್ 30, 8 ಓಮ್, 60 ವ್ಯಾಟ್. ಎಸ್.ಪಿ. ರೋಡ್‌ನಲ್ಲಿ ಜ್ಯಾಕ್ ಮತ್ತು ದಪ್ಪ ತಂತಿ, ಜೆ.ಸಿ. ರೋಡ್‌ನ ಕಾರ್ ಸೀಟಿನ ಅಂಗಡಿಯಲ್ಲಿ ಕಪ್ಪು ರೆಕ್ಸಿನ್ ಸಿಕ್ಕಿತು. ಮುಂದಿನ ಜಾಲರಿ ಬಟ್ಟೆ ಆರಿಸುವಾಗ ಬಾಯಿಗೆ ಹಿಡಿದು ಊದಿ ನೋಡಿದೆ. ಉಸಿರು ಸಲೀಸಾಗಿ ಆಚೆ ಹೋದರೆ ದನಿಯೂ ಹೋಗುತ್ತೆ.

ಸ್ಪೀಕರ್‌ಗೆ ಗಿಟಾರ್ ಕೇಬಲ್ ಬಳಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಎಳೆ ತೆಳು. ಸ್ಪೀಕರ್ ಕೇಬಲ್‌ನಲ್ಲಿ ಎರಡೂ ಎಳೆ ದಪ್ಪ ಇರುತ್ತವೆ.

ಎಲ್ಲ ಜೋಡಿಸಿ, ಹಿಂದಿನ ಹಲಗೆ ಮುಚ್ಚಿ, ಡಿಎಸ್‌ಎಲ್ ಚುಚ್ಚಿದೆ. ದನಿ ಬಂತು. ಜೊತೆಗೆ ಐದನೇ ತಂತಿ ಬಿಡಿಯಾಗಿ ಮೀಟಿದರೆ ಸಾಕು, ಜೀರುಂಡೆ ಕೂಗಿದ ಹಾಗೆ ಒಂದು ಝೀ ಅನ್ನೋ ಸದ್ದೂ ಬಂತು. ಬೇರೆ ಸ್ವರಕ್ಕೆ ಇಲ್ಲ.

ಪ್ಲೈಯಲ್ಲೇ ಪೊಳ್ಳು ಉಳಿದಿದೆಯೇನೋ ಅಂತ ಗಾಬರಿಯಾಯಿತು. ಫೋನಿನ ಟೋನ್ ಜನರೇಟರ್ ಆ್ಯಪನ್ನು ಆಂಪ್‌ಗೆ ಕೊಟ್ಟು, 82 ಹರ್ಟ್ಜ್‌ನಿಂದ ನಿಧಾನಕ್ಕೆ ಏರಿಸುತ್ತಾ ಹೋದೆ. 110ರಲ್ಲಿ ಶುರುವಾಯಿತು. ಆ ಟೋನ್ ಹಾಗೇ ಬಿಟ್ಟು, ಒಂದೊಂದೇ ಜಾಗ ಅಂಗೈಯಲ್ಲಿ ಒತ್ತಿದೆ. ಪಕ್ಕದ ಹಲಗೆ, ಅಲ್ಲ. ಹಿಡಿಕೆ, ಅಲ್ಲ. ಹಿಂದಿನ ಹಲಗೆಯ ಎಡಭಾಗ ಒತ್ತಿದಾಗ ಸದ್ದು ನಿಂತಿತು. ಬಿಚ್ಚಿ ನೋಡಿದರೆ ಸ್ಪೀಕರ್ ತಂತಿಯ ಒಂದು ಬಳಕು ಹಲಗೆಗೆ ತಾಗಿಕೊಂಡಿತ್ತು. ಕೂದಲೆಳೆಯಷ್ಟು ತಾಗಿದ್ದು. ಒಂದು ಪ್ಲಾಸ್ಟಿಕ್ ಟೈ ಹಾಕಿ ರೀಪಿಗೆ ಕಟ್ಟಿದೆ, ಮುಗಿಯಿತು. ಅದಕ್ಕೆ ಮೂರು ಗಂಟೆ ಹಿಡಿದಿತ್ತು.

ಜೂನ್

ತಿಂಗಳು ಪೂರ್ತಿ ಹಲಗೆ ಬಿಚ್ಚುವುದು, ಹಾಕುವುದು ಇದೇ ಕೆಲಸ. ಇದರಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಸ್ಪೀಕರ್‌ನ ಕೋನ್ (ಅದುರುವ ಕಾಗದದ ಭಾಗ) ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಎಳೆಯುತ್ತಿರುತ್ತೆ. ಹಿಂಭಾಗ ತೆರೆದಿದ್ದರೆ ಆ ಹಿಂದಿನ ಅಲೆ ಸುತ್ತಿಕೊಂಡು ಮುಂದೆ ಬರುತ್ತೆ. ಕೆಳಗಿನ ಸ್ವರಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಬಾಸ್ ತೆಳುವಾಗುತ್ತೆ. ಆದರೆ ಮೇಲಿನ ಸ್ವರಗಳು ಹಿಂದಿನ ಗೋಡೆಗೆ ಬಡಿದು ಹರಡಿ, ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಗಿಟಾರ್ ಸುತ್ತಲೂ ಇದ್ದ ಹಾಗೆ ಕೇಳುತ್ತೆ. ಮುಚ್ಚಿದರೆ ಒಳಗಿನ ಗಾಳಿ ಸ್ಪ್ರಿಂಗ್ ಥರ ಕೋನನ್ನು ಬಿಗಿ ಹಿಡಿಯುತ್ತೆ. ಅಂಗೈ ಒತ್ತಿ ಬಾರಿಸುವ ರಿಫ್‌ಗೆ ಎದೆಗೆ ಗುದ್ದುವ ಬಾಸ್ ಸಿಗುತ್ತೆ, ದನಿ ಮಾತ್ರ ನೇರ ಮುಂದಕ್ಕೇ ಹೋಗುತ್ತೆ.

ಹಲಗೆಯನ್ನು ಮೂರು ಪಟ್ಟಿ ಮಾಡಿಸಿದ್ದೇನೆ. ನಡುವಿನದು ಮಾತ್ರ ತೆಗೆದರೆ ಎರಡರ ಮಧ್ಯದ ದನಿ. ರಾತ್ರಿ ಬಾರಿಸಲು ನನಗೆ ಅದೇ ಇಷ್ಟ. ಪೂರ್ತಿ ಮುಚ್ಚಿದ್ದಾಗ ಕೆಳಗಿನ ಮನೆ ಆಂಟಿ "ನೆಲ ಅದುರುತ್ತಪ್ಪಾ" ಅಂದಿದ್ದರು. ನಡುಪಟ್ಟಿ ತೆಗೆದು, ಕ್ಯಾಬ್ ಕೆಳಗೆ ಹಳೇ ಯೋಗ ಮ್ಯಾಟ್ ಮಡಿಸಿ ಹಾಕಿದ ಮೇಲೆ ಮತ್ತೆ ಹೇಳಿಲ್ಲ.

ಇನ್ನೊಂದು ವಿಷಯ. ಹನ್ನೆರಡು ಇಂಚಿನ ಕೋನ್‌ನಿಂದ ಟ್ರೆಬಲ್ (ಮೇಲಿನ ಸ್ವರಗಳು) ಟಾರ್ಚ್ ಬೆಳಕಿನ ಥರ ಸಣ್ಣಗೆ ನೇರ ಹೋಗುತ್ತೆ. ಕ್ಯಾಬ್ ನೆಲದ ಮೇಲಿದ್ದು ನಾವು ನಿಂತಿದ್ದರೆ ಅದು ಮೊಣಕಾಲಿಗೆ ಬಡಿಯುತ್ತೆ. ದನಿ ಮಂಕು ಅಂತ ನಾವು ಟ್ರೆಬಲ್ ಏರಿಸುತ್ತೇವೆ, ಎದುರು ಕೂತವರ ಕಿವಿ ಸೀಳುತ್ತೆ. ಸ್ಪೀಕರ್ ಬದಲಿಸುವ ಮುಂಚೆ ಕ್ಯಾಬನ್ನು ಓರೆ ಮಾಡಿ ಒಂದು ಸಲ ಕೇಳಿ.

ಈಗ ಮೂರೂ ಆಂಪ್ ಇದರಲ್ಲಿ ಹೇಗಿವೆ? ಮೈಕ್ರೋ ಟೆರರ್ ಬದಲಾಗಿಬಿಟ್ಟಿದೆ. ವಿಂಟೇಜ್ 30ರ ಸೆನ್ಸಿಟಿವಿಟಿ, ಅಂದರೆ ಒಂದೇ ಪವರ್‌ಗೆ ಎಷ್ಟು ಜೋರು ಅನ್ನೋದು, 100 ಡೆಸಿಬೆಲ್. ಮೇಲಿನ ಮಿಡ್‌ನಲ್ಲಿ (ನಡು ಸ್ವರಗಳ ಮೇಲ್ಭಾಗದಲ್ಲಿ) ಅದಕ್ಕೆ ಒಂದು ಉಬ್ಬು ಇದೆ. ಪುಟ್ಟ ಆಂಪ್‌ನ ಮಂಕು ದನಿಗೆ ಬೇಕಾಗಿದ್ದದ್ದೇ ಅದು. ಬ್ಲೂಸ್ ಜೂನಿಯರ್‌ನ ಒಳಗಿನ ಸ್ಪೀಕರ್ ಪ್ಲಗ್ ಕಿತ್ತು ಇದಕ್ಕೆ ಹಾಕಿದಾಗ ಮಾತ್ರ ಅದೇ ಉಬ್ಬು ಚುಚ್ಚುವಂತಿತ್ತು. ಅದರಲ್ಲಿ ಮೊದಲೇ ಹೊಳಪು ಜಾಸ್ತಿ. ಹೊಸ ಸ್ಪೀಕರ್ ಬಾರಿಸುತ್ತಾ ಸ್ವಲ್ಪ ಮೆದುವಾಗುತ್ತೆ, ಕಾದೆ. ಮೆದುವಾಯಿತು, ಆದರೂ ಸಾಲದು. ಡಿಎಸ್‌ಎಲ್ ಚೆನ್ನಾಗಿದೆ, ಆದರೆ ಏಪ್ರಿಲ್‌ನಲ್ಲಿ ಗ್ರೀನ್‌ಬ್ಯಾಕ್‌ನಲ್ಲಿ ಕೇಳಿದ ದನಿ ಕಿವಿಯಿಂದ ಹೋಗುತ್ತಿಲ್ಲ.

ಜುಲೈ, ಮೂರನೇ ವಾರ

ಗೆಳೆಯನೊಬ್ಬ ತನ್ನ ಕ್ಯಾಬ್‌ನ ಸ್ಪೀಕರ್ ಬದಲಿಸಿದ. ಹಳೆಯದು ಗ್ರೀನ್‌ಬ್ಯಾಕ್, 16 ಓಮ್! ಕೇಳಿದ ಕೂಡಲೇ ಲೆಕ್ಕ ಹೊಳೆಯಿತು. 16 ಓಮ್‌ನ ಎರಡನ್ನು ಪ್ಯಾರಲಲ್ ಕೊಟ್ಟರೆ 8 ಓಮ್. 25 ಮತ್ತು 25 ಸೇರಿ 50 ವ್ಯಾಟ್, ಡಿಎಸ್‌ಎಲ್‌ನ ಭಯವೂ ಇಲ್ಲ. ಒಂದೊಂದರ ಸೆನ್ಸಿಟಿವಿಟಿ 98 ಡೆಸಿಬೆಲ್ ಆದರೂ ಎರಡು ಕೋನ್ ಒಟ್ಟಿಗೆ ಗಾಳಿ ತಳ್ಳುವುದರಿಂದ ಕೆಳಗಿನ ಸ್ವರಗಳಲ್ಲಿ ಸುಮಾರು 3 ಡೆಸಿಬೆಲ್ ಕೂಡಿಕೊಳ್ಳುತ್ತೆ. ಒಂಟಿ ಸ್ಪೀಕರ್‌ನಲ್ಲಿ ಆ 3 ಡೆಸಿಬೆಲ್ ಬೇಕಾದರೆ ಆಂಪ್‌ನ ವ್ಯಾಟ್ ಎರಡರಷ್ಟಾಗಬೇಕು.

ಮಂಚದ ಕೆಳಗಿನ ಪ್ಲೈ ಹೊರಗೆ ಬಂತು. 28 ಇಂಚು ಅಗಲ, 20 ಎತ್ತರ, 11 ಆಳ. ಆಚಾರ್ರು ಈ ಸಲ ನನ್ನನ್ನೇ ರಂದ ಹಿಡಿಯಲು ಬಿಟ್ಟರು.

ಮೊದಲ ದಿನ ಚುಚ್ಚಿದಾಗ ದನಿ ಜೊಳ್ಳಾಗಿತ್ತು. ಬಾಸ್ ಮಾಯ. ಎರಡರ ನಡುವೆ ನಿಂತರೆ ಗಿಟಾರ್ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದು. ಜ್ಯಾಕ್‌ಗೆ 1.5 ವೋಲ್ಟಿನ ಶೆಲ್ ಒಂದು ಕ್ಷಣ ಮುಟ್ಟಿಸಿದೆ. ಎಡಗಡೆ ಕೋನ್ ಮುಂದೆ ಬಂತು, ಬಲಗಡೆಯದು ಹಿಂದೆ ಹೋಯಿತು. ಎರಡೂ ತಂತಿ ಕಪ್ಪು ಬಣ್ಣದವೇ ಇದ್ದದ್ದರಿಂದ ಬೆಸುಗೆ ಹಾಕುವಾಗ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಸರಿಮಾಡಿ ಮತ್ತೆ ಶೆಲ್ ಮುಟ್ಟಿಸಿದೆ. ಎರಡೂ ಒಟ್ಟಿಗೆ ಮುಂದೆ ಬಂದವು. ಮೀಟರ್ 6.5 ತೋರಿಸಿತು. ಆಮೇಲೆ ಬಾರಿಸಿದ ಮೊದಲ ಇ ಕಾರ್ಡ್ ನನಗೆ ಬಹಳ ದಿನ ನೆನಪಿರುತ್ತೆ.

ಆಗಸ್ಟ್, ಎರಡನೇ ಭಾನುವಾರ

ಈಗ ಜೋಡಿ ನಿಂತಿದೆ. ಡಿಎಸ್‌ಎಲ್‌ಗೆ ಎರಡು ಗ್ರೀನ್‌ಬ್ಯಾಕ್‌ನ ಕ್ಯಾಬ್, ಹಿಂಭಾಗ ಮುಚ್ಚಿ. ಗೇನ್ (ದನಿ ಒಡೆಯುವ ಮಟ್ಟ) ಜಾಸ್ತಿ ಮಾಡಿದಾಗ ಬರುವ ಆ ಸರಸರ ಸದ್ದನ್ನು ಗ್ರೀನ್‌ಬ್ಯಾಕ್ ನುಂಗಿಕೊಳ್ಳುತ್ತೆ, ಮಿಡ್ ಮಾತ್ರ ದುಂಡಗೆ ಉಳಿಯುತ್ತೆ. ಬ್ಲೂಸ್ ಜೂನಿಯರ್‌ಗೂ ಅದೇ ಕ್ಯಾಬ್, ಆದರೆ ನಡುಪಟ್ಟಿ ತೆಗೆದು. ಸಣ್ಣ ಕಾಂಬೋ ಡಬ್ಬದಲ್ಲಿ ಉಸಿರುಗಟ್ಟಿದಂತಿದ್ದ ದನಿ ಇಲ್ಲಿ ಬಿಚ್ಚಿಕೊಂಡಿದೆ. ಮೈಕ್ರೋ ಟೆರರ್‌ಗೆ ವಿಂಟೇಜ್ 30ರ ಒಂಟಿ ಕ್ಯಾಬ್. ಅಭ್ಯಾಸಕ್ಕೆ ಹೋಗುವಾಗ ಈ ಎರಡೇ ಸಾಕು. ಕ್ಯಾಬ್ ಸ್ಕೂಟರ್ ಮುಂದೆ ನಿಲ್ಲುತ್ತೆ, ಆಂಪ್ ಬ್ಯಾಗಿನಲ್ಲಿ.

ಯಾವ ಆಂಪ್‌ಗೆ ಯಾವ ಕ್ಯಾಬ್ ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಕೇಳೋದು ನಿಮ್ಮ ಆಂಪ್‌ನಲ್ಲಿ ಏನು ಕಮ್ಮಿ ಇದೆ ಅಂತ. ಹೊಳಪು ಜಾಸ್ತಿ ಇದ್ದರೆ ಮೆದು ಸ್ಪೀಕರ್, ಮಂಕಾಗಿದ್ದರೆ ಚೂಪು ಸ್ಪೀಕರ್. ಬಾಸ್ ಸಾಲದಿದ್ದರೆ ಮೊದಲು ಹಿಂಭಾಗ ಮುಚ್ಚಿ ನೋಡಿ, ಒಂದು ತುಂಡು ಪ್ಲೈ ಸಾಕು. ಓಮ್ ಹೊಂದುತ್ತಾ, ಸ್ಪೀಕರ್‌ನ ವ್ಯಾಟ್ ಆಂಪ್‌ಗಿಂತ ಧಾರಾಳ ಇದೆಯಾ, ಇವೆರಡು ಮಾತ್ರ ರುಚಿಯ ಮಾತಲ್ಲ, ಲೆಕ್ಕದ್ದು.

ಉಳಿದಿದ್ದ ಕೊನೇ ಕೆಲಸ ಇವತ್ತು ಮುಗಿಸಿದೆ. ಸಣ್ಣ ಬ್ರಷ್, ಬಿಳಿ ಎನಾಮಲ್ ಪೇಂಟ್. ಎರಡೂ ಕ್ಯಾಬ್‌ನ ಹಿಂದೆ, ಜ್ಯಾಕ್ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ. ಒಂದರ ಮೇಲೆ "8 ಓಮ್, 60 ವ್ಯಾಟ್". ಇನ್ನೊಂದರ ಮೇಲೆ "8 ಓಮ್, 50 ವ್ಯಾಟ್, ಒಳಗೆ 16ರ ಎರಡು". ಒಣಗಿದ ಮೇಲೆ ಉಜ್ಜಿಹೋಗದ ಹಾಗೆ ಮೇಲೊಂದು ಕೋಟ್ ವಾರ್ನಿಶ್ ಹೊಡೆದೆ.