ಈಸೂರಿಗೆ ಹೋಗುವವರು ಅರ್ಧ ದಿನವಾದರೂ ಇಟ್ಟುಕೊಳ್ಳಿ

ಶಿವಮೊಗ್ಗದ ಬಾಡಿಗೆ ಕಾರಿನವರು ಬಳ್ಳಿಗಾವಿ, ತಾಳಗುಂದ, ಈಸೂರು ಮೂರಕ್ಕೂ ಸೇರಿಸಿ 4,200 ರೂಪಾಯಿ ತೆಗೆದುಕೊಂಡರು. ಈಸೂರಿನ ಸ್ವಾತಂತ್ರ್ಯ ಹೋರಾಟದ ಹುತಾತ್ಮರ ಸ್ಮಾರಕದ ಮುಂದೆ ಚಾಲಕ ಎಂಜಿನ್ನನ್ನೂ ಆರಿಸಲಿಲ್ಲ. ‘ಫೋಟೊ ತೆಗೆದುಕೊಳ್ಳಿ ಮೇಡಂ, ಇಲ್ಲಿ ಇನ್ನೇನೂ ಇಲ್ಲ’ ಎಂದ. ಹತ್ತು ನಿಮಿಷಕ್ಕೆ ಹಾರ್ನ್. ದುಡ್ಡು ಹೋದದ್ದು ಇರಲಿ, ಏನೂ ಇಲ್ಲ ಎಂದನಲ್ಲ, ಆ ಮಾತಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಎರಡು ದಿನ ಬಿಟ್ಟು ಬಸ್ಸಿನಲ್ಲಿ ಒಬ್ಬಳೇ ಮತ್ತೆ ಹೋದೆ.

ನೀವೂ ಬಸ್ಸಿನಲ್ಲೇ ಹೋಗಿ. ಶಿವಮೊಗ್ಗದಿಂದ ಶಿಕಾರಿಪುರ ಸುಮಾರು 50 ಕಿಲೋಮೀಟರ್. ಅಲ್ಲಿಂದ ಮುಂದಿನ ಹಳ್ಳಿ ಬಸ್ಸಿನಲ್ಲಿ ಶಾಲೆ ಮಕ್ಕಳ ನಡುವೆ ಒಂಟಿ ಕಾಲಲ್ಲಿ ನಿಲ್ಲಬೇಕಾಯಿತು. ನನಗೆ ಜನಜಂಗುಳಿ ಬೇಸರವಿಲ್ಲ. ಆಗದವರು ಆಟೊ ಮಾಡಿಕೊಳ್ಳಿ, ದರವನ್ನು ಮೊದಲೇ ಮಾತಾಡಿಕೊಳ್ಳಿ.

ಹೊರಡುವ ಮೊದಲು ಶಿಕಾರಿಪುರ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಊಟ ಮಾಡಿಬಿಡಿ. ಬೋರ್ಡಿಲ್ಲದ ಖಾನಾವಳಿ, ನಾಲ್ಕೇ ಬೆಂಚು. ಕಾವಲಿಯಿಂದ ನೇರ ತಟ್ಟೆಗೆ ಬರುವ ಅಕ್ಕಿರೊಟ್ಟಿ, ಕಾಯಿ ಒಡೆಯದಂತೆ ಬೆಂದ ಬದನೆಕಾಯಿ ಎಣ್ಣೆಗಾಯಿ, ಹುರುಳಿಕಟ್ಟಿನ ಸಾರು, ಕೊನೆಗೆ ಒಂದು ಲೋಟ ಮಜ್ಜಿಗೆ. 60 ರೂಪಾಯಿ. ಎರಡನೆಯ ರೊಟ್ಟಿ ಬೇಡ ಎಂದರೆ ಬಡಿಸುವ ಅಕ್ಕನ ಮುಖ ಬಾಡುತ್ತದೆ, ಹಸಿದೇ ಹೋಗಿ. ಶಿವಮೊಗ್ಗದ ಲಾಡ್ಜಿನಲ್ಲಿ 180 ರೂಪಾಯಿ ಕೊಟ್ಟು ತಿಂದ ತಣ್ಣನೆಯ ಪೂರಿ ಅಂದೇ ಮರೆತುಹೋಯಿತು.

ಊರಿನೊಳಗೆ ಮೊದಲು ವೀರಭದ್ರೇಶ್ವರ ಗುಡಿಗೆ ಹೋಗಿ. 1942ರ ಸೆಪ್ಟೆಂಬರಿನಲ್ಲಿ ತ್ರಿವರ್ಣ ಬಾವುಟ ಹಾರಿದ್ದು ಇಲ್ಲಿ. ಕಂದಾಯ ಕೊಡುವುದಿಲ್ಲ ಎಂದ ಊರು ಸ್ವತಂತ್ರವೆಂದು ಸಾರಿಕೊಂಡು, ಹುಡುಗರಿಬ್ಬರನ್ನು ತನ್ನ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಮತ್ತು ಸಬ್ ಇನ್ಸ್‌ಪೆಕ್ಟರ್ ಮಾಡಿಕೊಂಡಿತ್ತು. ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಬಂದಾಗ ಖಾದಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಜಗಳ ಕೈಮೀರಿ ಆ ಇಬ್ಬರೂ ಸತ್ತರು. ಅವರೂ ಹೆಂಡತಿ ಮಕ್ಕಳಿದ್ದ ನೌಕರರೇ ಇರಬೇಕು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಆಮೇಲೆ ಬಂದ ಪೊಲೀಸರು ಮತ್ತು ಸೈನಿಕರು ಶಿಕ್ಷೆ ಕೊಟ್ಟದ್ದು ಇಡೀ ಊರಿಗೆ. ಮನೆಗಳನ್ನು ದೋಚಿದರು, ಬೆಂಕಿ ಹಚ್ಚಿದರು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಬ್ರಿಟಿಷರ ಅಧೀನದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ, ನಮ್ಮದೇ ಮಹಾರಾಜರ ಕಾಲದಲ್ಲಿ ನಡೆದ ಮಾತು ಇದು.

ಗುಡಿಯ ಕಟ್ಟೆಯಲ್ಲಿ ಕುಳಿತಿದ್ದಾಗ ಎದುರು ಮನೆಯ ಅಜ್ಜಿ ‘ಬಿಸಿಲಲ್ಲಿ ಯಾಕೆ, ಒಳಗೆ ಬಾರವ್ವ’ ಎಂದು ಕರೆದರು. ನಡುಮನೆಯ ಕಂಬವೊಂದರ ಬುಡ ಮೊಣಕಾಲೆತ್ತರದವರೆಗೆ ಕಪ್ಪಾಗಿತ್ತು. ಮನೆ ಕಟ್ಟಿಸುವಾಗ ಎಲ್ಲವನ್ನೂ ಬದಲಾಯಿಸಿದರಂತೆ, ಇದೊಂದನ್ನು ಅತ್ತೆ ಮುಟ್ಟಗೊಡಲಿಲ್ಲವಂತೆ. ‘ಕಣಜದ ಭತ್ತವನ್ನು ಅಂಗಳಕ್ಕೆ ಸುರಿದು ತುಳಿದರು, ಮಳೆಗೆ ಅಲ್ಲೇ ಮೊಳಕೆಯೊಡೆಯಿತು ಎಂದು ಅತ್ತೆ ಹೇಳುತ್ತಿದ್ದರು. ಕಾಡಿನಿಂದ ಬಂದು ನೋಡಿದರೆ ಅಂಗಳ ಪೂರಾ ಹಸಿರಂತೆ.’ ಕಂಬದ ಮೇಲೆ ಕೈಯಿಟ್ಟೆ. ನುಣುಪಾಗಿತ್ತು. ದಿನವೂ ಯಾರೋ ಸವರಿದ ಹಾಗೆ. ಫೋಟೊ ತೆಗೆಯಲು ಮನಸ್ಸಾಗಲಿಲ್ಲ, ಕೇಳಲೂ ಇಲ್ಲ. ನೀವೂ ಕೇಳಬೇಡಿ. ಅಂಥ ಮನೆಗಳಿಗೆ ಕರೆದರೆ ಮಾತ್ರ ಹೋಗಿ, ಹೋದರೆ ಮೊಬೈಲ್ ಚೀಲದಲ್ಲಿರಲಿ.

ತಾಳಗುಂದದ ಸ್ತಂಭಶಾಸನವನ್ನು ಬಿಡಬೇಡಿ. ಕಂಚಿಗೆ ಓದಲು ಹೋದ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಸಿಡಿದೆದ್ದದ್ದು ಅದರಲ್ಲಿದೆ. ಈಸೂರನ್ನು ನೋಡಿದ ಮೇಲೆ ಅದನ್ನು ಓದಿ, ಮೊದಲಲ್ಲ.

ಸಂಜೆಯ ಬಸ್ಸನ್ನು ನಂಬಬೇಡಿ. ನಾಲ್ಕು ಗಂಟೆಯೊಳಗೆ ಹೊರಟುಬಿಡಿ. ನನಗೆ ಐದೂವರೆಯವರೆಗೆ ಕಾದರೂ ಬಸ್ಸು ಬರಲಿಲ್ಲ. ಕೊನೆಗೆ ಅಜ್ಜಿಯ ಮೊಮ್ಮಗ ಬೈಕಿನಲ್ಲಿ ಶಿಕಾರಿಪುರದವರೆಗೆ ಬಿಟ್ಟ. ಪೆಟ್ರೋಲಿಗೆಂದು ನೂರು ರೂಪಾಯಿ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಂಡ.