ಒಂದು ಗಂಟೆ, ಒಂದು ಗಂಟು

ಆ ಸಂಜೆ ನಾಲ್ವರನ್ನು ಉಳಿಸಿಕೊಂಡಿದ್ದೆ. ಏಳನೇ ತರಗತಿ, ದಶಮಾಂಶದ ಗುಣಾಕಾರ. 2.4ನ್ನು 3.5ರಿಂದ ಗುಣಿಸಿ 840 ಎಂದು ಬರೆದು, ಚುಕ್ಕಿ ಎಲ್ಲಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವವರು. ಹತ್ತು ಲೆಕ್ಕ ಸರಿಯಾದರೆ ಮನೆಗೆ, ಇಲ್ಲದಿದ್ದರೆ ಇಲ್ಲೇ ಎಂದು ಕೂರಿಸಿದ್ದೆ.

ನಾನು ಓದುವಾಗ ಇಂಥದ್ದಕ್ಕೆಲ್ಲ ಹುಣಸೆ ಬರಲು ಇತ್ತು, ಗೋಡೆ ಕುರ್ಚಿ ಇತ್ತು, ಕಿವಿ ಹಿಡಿದು ಬಸ್ಕಿ ಇತ್ತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದರ 17ನೇ ಕಲಂ ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತೆಯೂ ಇಲ್ಲ ಎಂದಿತು. ನಮ್ಮ ಶಾಲೆಯ ಬೆತ್ತ ಬೀರುವಿನ ಹಿಂದಕ್ಕೆ ಸರಿಯಿತು. ಯಾರನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತಿತ್ತು 16ನೇ ಕಲಂ, 2019ರಲ್ಲಿ ತಿದ್ದುಪಡಿಯಾಗುವವರೆಗೆ. ಇಡೀ ವರ್ಷ ಉಳಿಸಿಕೊಳ್ಳಬಾರದು, ಸರಿ. ಸಂಜೆ ಒಂದು ಗಂಟೆ ಉಳಿಸಿಕೊಂಡರೆ ಯಾರ ಗಂಟೇನು ಹೋಗುತ್ತದೆ ಎಂಬುದು ನನ್ನ ವಾದವಾಗಿತ್ತು.

ಮೂವರು ಹೇಗೋ ಮುಗಿಸಿ ಓಡಿದರು. ನಾಲ್ಕನೆಯವನು ಕಿಟಕಿಯತ್ತ ನೋಡುವುದು, ಅಳಿಸುವುದು, ಮತ್ತೆ ಕಿಟಕಿಯತ್ತ ನೋಡುವುದು. ಗಮನವಿಲ್ಲ ಎಂದು ಎರಡು ಲೆಕ್ಕ ಹೆಚ್ಚಿಗೆ ಕೊಟ್ಟೆ. ಐದೂವರೆಯಾಗಿತ್ತು.

ಆಗ ಗೇಟಿನ ಬಳಿ ಅವನ ತಾಯಿ ಬಂದು ನಿಂತರು. ಬಲಗೈಗೆ ಬಿದಿರ ದಬ್ಬೆ ಇಟ್ಟು ಬಿಗಿದ ಪುತ್ತೂರು ಕಟ್ಟು. ನಮ್ಮ ಕೋಲಾರದ ಕಡೆ ಮೂಳೆ ಮುರಿದರೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಅದೇ.

“ಎರಡು ಏಟು ಹಾಕಿ ಕಳಿಸಿಬಿಡಿ ಸಾರ್. ಆರೂಕಾಲಿಗೆ ಡೇರಿ ಮುಚ್ಚುತ್ತಾರೆ. ನನ್ನ ಕೈ ಹೀಗಾದ ಮೇಲೆ ಇವನೇ ಹಾಲು ಕರೆಯುವುದು. ಬೇರೆಯವರು ಹತ್ತಿರ ಹೋದರೆ ಹಸು ಒದೆಯುತ್ತದೆ.”

ಹುಡುಗನನ್ನು ಮೊದಲೇ ಕೇಳಬಹುದಿತ್ತು. ಕೇಳಿರಲಿಲ್ಲ.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಕೊಟ್ಟಿಗೆಯಲ್ಲಿ ಸೀಮೆಹಸು ಹಗ್ಗ ಜಗ್ಗುತ್ತಾ ಕೂಗುತ್ತಿತ್ತು. ತರಗತಿಯಲ್ಲಿ ಪೆನ್ಸಿಲ್ ಹಿಡಿಯಲೂ ಅಂಜುತ್ತಿದ್ದವನು ಇಲ್ಲಿ ಬೇರೆಯೇ ಆಸಾಮಿ. ಕರುವನ್ನು ಸ್ವಲ್ಪ ಉಣ್ಣಲು ಬಿಟ್ಟು ಎಳೆದು ಕಟ್ಟಿದ. ಕೆಚ್ಚಲು ತೊಳೆದು, ಮೊಲೆಗೆ ಎಣ್ಣೆ ಸವರಿ, ಮೊದಲ ಧಾರೆಯನ್ನು ನೆಲಕ್ಕೆ ಬಿಟ್ಟು, ಕುಕ್ಕರಗಾಲಲ್ಲಿ ಕೂತ. ಬಕೆಟ್ಟಿನ ತಳಕ್ಕೆ ಬೀಳುತ್ತಿದ್ದ ಧಾರೆಯ ಕಟು ಸದ್ದು ನೊರೆ ಏರುತ್ತಾ ಮೆತ್ತಗಾಯಿತು. ನಾನು ನಿಂತ ಕಡೆ ನಿಂತೇ ಇದ್ದೆ. “ಆ ಕಡೆ ಹೋಗಿ ಸಾರ್, ಬೆದರುತ್ತದೆ” ಎಂದ. ಹೋದೆ.

ಡೇರಿ ತಲುಪುವಷ್ಟರಲ್ಲಿ ಕ್ಯಾನುಗಳು ಗಾಡಿಯೇರಿ ಹೋಗಿಯಾಗಿತ್ತು. ಅಲ್ಲಿದ್ದವರು ಹುಡುಗನನ್ನು ಬೈಯಬೇಕೆಂದು ಬಾಯಿ ತೆರೆದವರು, ಹಿಂದೆ ಮೇಷ್ಟ್ರನ್ನು ಕಂಡು ಸುಮ್ಮನಾದರು. ಆರು ಲೀಟರ್ ಹಾಲು ವಾಪಸು ಮನೆಗೆ. ದುಡ್ಡು ಕೊಡಲು ಹೋದರೆ ಆ ತಾಯಿ ಕೈಯಲ್ಲೂ ಮುಟ್ಟಲಿಲ್ಲ. ಹೆಪ್ಪು ಹಾಕುತ್ತೇನೆ ಬಿಡಿ ಎಂದು ಕಾಫಿ ಮಾಡಿಸಿ ಕೊಟ್ಟರು. ಹಾಲಿಗೇನು ಬರವಿರಲಿಲ್ಲವಲ್ಲ, ಕಾಫಿ ಗಟ್ಟಿಯಾಗಿತ್ತು. ಕುಡಿಯುವುದೇ ಕಷ್ಟವಾಯಿತು.

ಗೋಡೆಯ ಮೊಳೆಯಲ್ಲಿ ಡೇರಿಯ ಪುಸ್ತಕ ನೇತಾಡುತ್ತಿತ್ತು. ತೆಗೆದು ನೋಡಿದೆ. 5.8 ಲೀಟರ್, ಫ್ಯಾಟ್ 3.7. 6.2 ಲೀಟರ್, ಫ್ಯಾಟ್ 3.6. ಪುಟದ ತುಂಬಾ ಚುಕ್ಕಿಗಳು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಹುಡುಗನನ್ನು ಕರೆದು, “ನೋಡೋ, ನಾನು ಹೇಳಿಕೊಟ್ಟದ್ದು ಇದೇ ಲೆಕ್ಕ” ಎಂದೆ.

“ಅದು ಮಿಷನ್ ಹಾಕುತ್ತದೆ ಸಾರ್” ಎಂದ.

ಮರುದಿನ ಬಿಸಿಯೂಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಕೂರಿಸಿಕೊಂಡೆ. ತಟ್ಟೆ ತೊಳೆದ ಒದ್ದೆ ಕೈಯಲ್ಲೇ ಬರೆದು ತಂದು ತೋರಿಸಿದ. 84.0.